ಕಡತ ಲಭ್ಯವಿಲ್ಲ

ಬ್ಯಾಂಕಿನ ಕೆಲಸಕ್ಕೆ ಸೇರಿದ ದಿನ ನನ್ನಿಂದ ಮೊದಲು ಹಾಕಿಸಿಕೊಂಡ ಸಹಿ ಹಾಜರಿ ಪುಸ್ತಕದ್ದಲ್ಲ, ನಿಷ್ಠೆ ಮತ್ತು ಗೌಪ್ಯತೆಯ ಘೋಷಣೆಯದ್ದು. ಬ್ಯಾಂಕಿನ ವ್ಯವಹಾರವನ್ನಾಗಲಿ ಗ್ರಾಹಕರ ಖಾತೆಯ ಸಂಗತಿಯನ್ನಾಗಲಿ ಹೊರಗಿನವರಿಗೆ ತಿಳಿಸುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದು ಎಂಬತ್ತರ ದಶಕದ ಆರಂಭ. ಮಂಗಳೂರಿನಲ್ಲಿ ಆಗ ಯಾವ ಬೀದಿಗೆ ಹೋದರೂ ಬ್ಯಾಂಕಿನವರ ಮನೆ. ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳ ಪೈಕಿ ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಶನ್ ಮತ್ತು ವಿಜಯಾ 1980ರಲ್ಲಿ ಸರ್ಕಾರದ್ದಾದವು. ಕರ್ಣಾಟಕ ಬ್ಯಾಂಕ್ ಮಾತ್ರ ಖಾಸಗಿಯಾಗಿ ಉಳಿಯಿತು. ನಾನು ಸೇರಿದ್ದು ಆ ನಾಲ್ಕರಲ್ಲಿ ಒಂದನ್ನು. ಗೌಪ್ಯತೆಯ ಬಗ್ಗೆ ನನಗೆ ಆಗಲೂ ಈಗಲೂ ಗೌರವ ಉಂಟು. ಮೀನು ಮಾರುವ ಹೆಂಗಸಿನ ಉಳಿತಾಯ ಖಾತೆಯಲ್ಲಿ ಎಷ್ಟು ಹಣ ಇದೆ ಎಂಬುದು ಅವಳಾಗಿ ಹೇಳದ ಹೊರತು ಅವಳ ಗಂಡನಿಗೂ ಗೊತ್ತಾಗಬಾರದು. ಆದರೆ ಗ್ರಾಹಕರ ಗುಟ್ಟು ಬೇರೆ, ಕಚೇರಿಯ ಗುಟ್ಟು ಬೇರೆ. ಇವೆರಡರ ನಡುವಿನ ಗೆರೆ ನನಗೆ ಕಂಡದ್ದು ಕೌಂಟರಿನ ಹೊರಗೆ ನಿಂತ ಮೇಲೆ.

ನಮ್ಮ ತಂದೆ ಗುರುಪುರ ನದಿಯ ಆಚೆ ದಡದ ಹಳ್ಳಿಯೊಂದರಲ್ಲಿ ಗೇಣಿ ಒಕ್ಕಲು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಊರಿನ ಎಲ್ಲ ಒಕ್ಕಲುಗಳಂತೆ ಅವರೂ ಡಿಕ್ಲರೇಶನ್ ಕೊಟ್ಟರು. ನಮೂನೆ 7ರ ಅರ್ಜಿಗೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಈಗಲೂ ಅದೇ ಹೆಸರು. ಭೂನ್ಯಾಯಮಂಡಳಿಗೆ ಧಣಿಗಳ ವಕೀಲರು ಬಂದರು, ವಿಚಾರಣೆ ನಡೆಯಿತು, ಗದ್ದೆ ತಂದೆಯ ಹೆಸರಿಗೆ ಆಯಿತು. ನಮೂನೆ 10ರ ಪ್ರಮಾಣಪತ್ರ ಕೈಗೆ ಬಂದ ದಿನ ಅಮ್ಮ ಅದನ್ನು ದೇವರ ಪಟದ ಹಿಂದೆ ಇಟ್ಟರಂತೆ. ಆಮೇಲೆ ಅದು ಮರದ ಪೆಟ್ಟಿಗೆಗೆ ಹೋಯಿತು. ಪೆಟ್ಟಿಗೆಗೆ ಗೆದ್ದಲು ಬಂತು.

ತಂದೆ ತೀರಿಕೊಂಡು ನಾವು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ಹೊತ್ತಿಗೆ ಆ ಕಾಗದ ಬೇಕಾಯಿತು. ಪಹಣಿಯಲ್ಲಿ ಹೆಸರಿತ್ತು. ಆದರೆ ಪಕ್ಕದ ಸರ್ವೆ ನಂಬ್ರದವರ ಜೊತೆ ಗಡಿಯ ತಕರಾರು ಇದ್ದುದರಿಂದ ಮಂಡಳಿಯ ಆದೇಶ ಇಲ್ಲವೇ ಪ್ರಮಾಣಪತ್ರ ಬೇಕೇ ಬೇಕು ಎಂದರು ವಕೀಲರು. ನಕಲಿಗೆ ಅರ್ಜಿ ಹಾಕಿದೆ. ಮಳೆಗಾಲ ಹೋಯಿತು, ಬೇಸಗೆ ಬಂತು. ಕೊನೆಗೆ ಸಿಕ್ಕ ಉತ್ತರ, ಕಡತ ಲಭ್ಯವಿಲ್ಲ. ಅದೂ ಬಾಯಿಮಾತಿನಲ್ಲಿ. ಅದನ್ನೇ ಒಂದು ಹಿಂಬರಹದಲ್ಲಿ ಬರೆದು ಕೊಡಿ ಎಂದು ಕೇಳಿದಾಗ ಗುಮಾಸ್ತರು ನಕ್ಕು, "ಇಲ್ಲದ್ದನ್ನು ಇಲ್ಲ ಅಂತ ಬರ್ದು ಕೊಡ್ಲಿಕ್ಕೆ ಆಗುದಿಲ್ಲ ಮಾರ್ರೆ" ಎಂದರು. ಅವರು ದುಷ್ಟರೇನೂ ಅಲ್ಲ, ನನ್ನಿಂದ ಚಹಾ ಕೂಡ ಕುಡಿದವರಲ್ಲ. ಬರೆದು ಕೊಟ್ಟರೆ ಅದಕ್ಕೆ ಒಬ್ಬ ಜವಾಬ್ದಾರ ಹುಟ್ಟಿಕೊಳ್ಳುತ್ತಾನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟೆ. ಬಾಯಿಮಾತಿನ ಮೇಲೆ ಅಪೀಲು ಹೋಗಲು ಬರುವುದಿಲ್ಲ.

ನಮ್ಮದು ಬುದ್ಧಿವಂತರ ಜಿಲ್ಲೆ ಎಂದು ನಾವೇ ಬೆನ್ನು ತಟ್ಟಿಕೊಳ್ಳುತ್ತೇವೆ. ಆದರೆ ಈ ಬಾಯಿಮಾತಿನ ಬೀಗಕ್ಕೆ ಕೀಲಿಕೈ ಮಾಡಿಕೊಟ್ಟವರು ರಾಜಸ್ಥಾನದ ಕೂಲಿಕಾರರು. ಅರುಣಾ ರಾಯ್ ಮತ್ತು ಸಂಗಾತಿಗಳು ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ ನಡೆಸಿತು. ಪಂಚಾಯಿತಿ ಕಾಮಗಾರಿಯ ಲೆಕ್ಕವನ್ನು, ಕೂಲಿಯವರ ಹಾಜರಿ ಪಟ್ಟಿಯನ್ನು ಊರಿನ ಮುಂದೆ ಗಟ್ಟಿಯಾಗಿ ಓದಿಸುವುದೇ ಅದರ ರೀತಿ. ಓದು ಬಾರದವರೂ ಕೇಳಿಸಿಕೊಂಡು, ಆ ಹೆಸರಿನವನು ಕೆಲಸಕ್ಕೇ ಬಂದಿರಲಿಲ್ಲ ಎಂದು ಎದ್ದು ನಿಂತು ಹೇಳಬಹುದಿತ್ತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಕರ್ನಾಟಕದಲ್ಲಿ 2000ದಲ್ಲಿಯೇ ರಾಜ್ಯದ್ದೇ ಒಂದು ಮಾಹಿತಿ ಹಕ್ಕಿನ ಕಾಯ್ದೆ ಆಗಿತ್ತು, ನಿಯಮಗಳು 2002ರಲ್ಲಿ ಬಂದವು. ಪತ್ರಿಕೆ ಓದುವ ನನ್ನಂಥವನೂ ಅದನ್ನು ಸುದ್ದಿಯಾಗಿ ಓದಿದನೇ ಹೊರತು ಅರ್ಜಿಯಾಗಿ ಬರೆಯಲಿಲ್ಲ. ಕೇಂದ್ರದ ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಮೇಲೆ ವಿಷಯ ಬೇರೆಯಾಯಿತು.

ಬೇರೆಯಾದದ್ದು ನನಗೆ ಮೊದಲು ತಿಳಿದದ್ದು ಬ್ಯಾಂಕಿನೊಳಗೇ. ಆಡಳಿತ ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರದ ಕರಡು ಬರೆಯುವ ಮೇಜು ನನ್ನ ಪಾಲಿಗೆ ಬಂತು. ಯಾರೂ ಕೇಳಿ ಪಡೆಯುವ ಮೇಜು ಅಲ್ಲ ಅದು. ಮೂವತ್ತು ದಿನದ ಗಡುವು. ತಪ್ಪಿದರೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ತನಕ ದಂಡ, ಅದೂ ಮಾಹಿತಿ ಅಧಿಕಾರಿಯ ಸ್ವಂತ ಕಿಸೆಯಿಂದ. ಅದುವರೆಗೆ ಟಪ್ಪಾಲಿನಲ್ಲಿ ಬಂದ ಪತ್ರ ಮೇಜಿನಿಂದ ಮೇಜಿಗೆ ತೂಕಡಿಸುತ್ತಾ ಹೋಗುತ್ತಿತ್ತು. ಈ ಅರ್ಜಿಗಳ ಮೇಲೆ ಮಾತ್ರ ಕೆಂಪು ಶಾಯಿಯಲ್ಲಿ ತಾರೀಕು ಬಿತ್ತು.

ಅಲ್ಲಿ ಕೂತು ನಾನು ಕಂಡುಕೊಂಡದ್ದು ಇಷ್ಟು. ಸಿಟ್ಟಿನಿಂದ ಬರೆದ ಅರ್ಜಿಗೆ ಉತ್ತರ ಕೊಡುವುದು ಬಹಳ ಸುಲಭ. "ನನ್ನ ಮಗನಿಗೆ ಶಿಕ್ಷಣ ಸಾಲ ಏಕೆ ಕೊಡಲಿಲ್ಲ, ನಿಮಗೆ ಮನಸ್ಸಾಕ್ಷಿ ಇಲ್ಲವೇ" ಎಂದು ಕೇಳಿದವರಿಗೆ, ಕಾಯ್ದೆ ಕೊಡುವುದು ದಾಖಲೆಯಲ್ಲಿ ಇರುವ ಮಾಹಿತಿಯನ್ನು ಮಾತ್ರ, ವಿವರಣೆಯನ್ನಲ್ಲ ಎಂದು ಎರಡು ಸಾಲು ಬರೆದರೆ ಮುಗಿಯಿತು. "ಇಂಥ ತಾರೀಕಿನ ನನ್ನ ಸಾಲದ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ನಕಲು ಕೊಡಿ" ಎಂದು ಕೇಳಿದವರು ಬಂದರೆ ಮಾತ್ರ ಇಡೀ ಕಚೇರಿ ಎದ್ದು ಕೂರುತ್ತಿತ್ತು. ಆ ಹಾಳೆಯಲ್ಲಿ ಯಾರು ಏನು ಷರಾ ಬರೆದಿದ್ದಾರೆ ಎಂದು ಮೇಲಿನವರೂ ಆಗಲೇ ಮೊದಲ ಬಾರಿಗೆ ಓದುತ್ತಿದ್ದರು. ಎಷ್ಟೋ ಸಲ ಉತ್ತರ ಹೋಗುವ ಮೊದಲೇ ಸಾಲ ಮಂಜೂರಾಗಿ ಹೋಗುತ್ತಿತ್ತು.

ಎಂಟನೇ ಕಲಮಿನ ವಿನಾಯಿತಿಗಳು ನನಗೆ ಬಾಯಿಪಾಠ. 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ, ನಮ್ಮ ಮೆಚ್ಚಿನ ಉಪಕಲಮು. ಒಬ್ಬ ಗ್ರಾಹಕನ ಖಾತೆಯ ವಿವರವನ್ನು ಇನ್ನೊಬ್ಬ ಕೇಳಿದಾಗ ಅದನ್ನು ಹಾಕುವುದು ಧರ್ಮವೇ. ಆದರೆ ವರ್ಗಾವಣೆಯ ಪಟ್ಟಿ ಕೇಳಿದಾಗಲೂ ಅದನ್ನೇ ಹಾಕುವ ಚಾಳಿ ಬೆಳೆಯಿತು. ನಮ್ಮ ಎದುರು ಬದಿಯ ಖಾಸಗಿ ಬ್ಯಾಂಕಿನ ಗೆಳೆಯರಿಗೆ ಈ ತಲೆನೋವು ಇರಲಿಲ್ಲ. ಒಂದೇ ಮಣ್ಣಿನಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಕೆಲವು ಉತ್ತರ ಕೊಡಬೇಕಿತ್ತು, ಒಂದು ಕೊಡಬೇಕಾಗಿರಲಿಲ್ಲ. ಸಹಕಾರಿ ಸಂಘಗಳದ್ದು ಇನ್ನೂ ವಿಚಿತ್ರ. ಈ ಜಿಲ್ಲೆಯ ಕೃಷಿಕರ ಅರ್ಧ ಬದುಕು ಸೊಸೈಟಿಯಲ್ಲಿ ನಡೆಯುತ್ತದೆ. ಆದರೆ ಸರ್ಕಾರದ ಗಣನೀಯ ಹಣ ಅಥವಾ ಹಿಡಿತ ಇಲ್ಲದ ಸೊಸೈಟಿ ಸಾರ್ವಜನಿಕ ಪ್ರಾಧಿಕಾರ ಅಲ್ಲ ಎಂದು ಕೇರಳದ ತಲಪ್ಪಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಸಹಕಾರ ಇಲಾಖೆಯ ರಿಜಿಸ್ಟ್ರಾರರು ಕಾನೂನಿನಂತೆ ತರಿಸಿಕೊಳ್ಳಬಹುದಾದ ಕಾಗದಗಳನ್ನು ಅವರ ಮೂಲಕ ಕೇಳುವ ಸಂದು ಒಂದನ್ನು ಅದೇ ತೀರ್ಪು ಬಿಟ್ಟಿದೆ. ಬಹಳ ಜನರಿಗೆ ಅದು ಗೊತ್ತಿಲ್ಲ.

ಮೇಜಿನ ಈ ಬದಿಯ ವಿದ್ಯೆಯನ್ನು ಆ ಬದಿಯಲ್ಲಿ ನಿಂತು ಬಳಸಬೇಕು ಎಂದು ಹೊಳೆದದ್ದು ಆಗ. ತಂದೆಯ ಕಡತಕ್ಕೆ ಮತ್ತೆ ಅರ್ಜಿ ಬರೆದೆ. ಈ ಸಲ ಕಡತದ ನಕಲು ಕೇಳಲಿಲ್ಲ. ನಮೂನೆ-ಎಯಲ್ಲಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮೂರು ಸಂಗತಿ ಕೇಳಿದೆ. ನಮ್ಮ ಗ್ರಾಮದ ನಮೂನೆ 7ರ ಅರ್ಜಿಗಳ ವಹಿಯನ್ನು ನಾನೇ ನೋಡಲು ಅವಕಾಶ ಕೊಡಿ. ಕಡತ ಈಗ ಯಾರ ವಶದಲ್ಲಿದೆ ತಿಳಿಸಿ. ನಾಶಪಡಿಸಿದ್ದರೆ ಯಾವ ಆದೇಶದಂತೆ, ಯಾವ ತಾರೀಕಿಗೆ ಎಂದು ತಿಳಿಸಿ, ಆ ಆದೇಶದ ನಕಲು ಕೊಡಿ. ಕಡತವನ್ನು ಕಣ್ಣಾರೆ ನೋಡುವುದೂ ಮಾಹಿತಿ ಹಕ್ಕೇ ಎಂದು 2(ಜೆ) ಕಲಮು ಹೇಳುತ್ತದೆ. ಮೊದಲ ಒಂದು ಗಂಟೆಗೆ ಶುಲ್ಕವೂ ಇಲ್ಲ. ಮೂರನೆಯ ಪ್ರಶ್ನೆ ಕೆಲಸ ಮಾಡಿತು. ಇಲ್ಲ ಎಂದು ಹೇಳುವುದು ಸುಲಭ, ಇಲ್ಲವಾಗಿಸಿದ್ದು ನಾವೇ ಎಂದು ಬರೆದುಕೊಡುವ ಧೈರ್ಯ ಯಾರಿಗೆ ಉಂಟು? ಗಡುವಿನೊಳಗೆ ಪತ್ರ ಬಂತು, ಇಂಥ ದಿನ ಹನ್ನೊಂದು ಗಂಟೆಗೆ ಬಂದು ಪರಿಶೀಲಿಸಬಹುದು ಎಂದು.

ರೆಕಾರ್ಡ್ ರೂಮಿನ ಒಳಗೆ ಹೋದದ್ದು ಅದೇ ಮೊದಲು. ನೆಲದಿಂದ ಮಾಡಿನವರೆಗೆ ಕಬ್ಬಿಣದ ಹಲಗೆಗಳು, ಅವುಗಳ ಮೇಲೆ ಗ್ರಾಮದ ಹೆಸರು ಬರೆದು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಒಂದೆರಡು ಗಂಟುಗಳ ಮೇಲೆ ಮಾಡಿನ ಸೋರಿಕೆ ಬಿದ್ದು ಬಟ್ಟೆಯೇ ಕಾಗದಕ್ಕೆ ಅಂಟಿಕೊಂಡಿತ್ತು. ಮದರಾಸು ಪ್ರಾಂತದ ಕಾಲದ ಇಂಗ್ಲಿಷ್ ಕೈಬರಹದ ರಿಜಿಸ್ಟರುಗಳು ಒಂದು ಮೂಲೆಯಲ್ಲಿದ್ದವು. ನಿವೃತ್ತಿಯ ಹತ್ತಿರವಿದ್ದ ರೆಕಾರ್ಡ್ ಕೀಪರ್ ಮೂಗಿಗೆ ಬೈರಾಸು ಕಟ್ಟಿಕೊಂಡು ವಹಿಯನ್ನು ತೆಗೆದುಕೊಟ್ಟರು. "ಇಷ್ಟು ವರ್ಷದಲ್ಲಿ ಇಲ್ಲಿಗೆ ಒಳಗೆ ಬಂದು ಕೂತು ನೋಡಿದ ಹೊರಗಿನವರು ನೀವೇ ಮೊದಲು ಅಂತ ಕಾಣ್ತದೆ" ಎಂದರು. ಆ ಮಾತಿನಲ್ಲಿ ಬೇಸರ ಇರಲಿಲ್ಲ. ತಾವು ಕಾಯುತ್ತಿರುವ ವಸ್ತುವನ್ನು ನೋಡಲು ಒಬ್ಬರಾದರೂ ಬಂದರಲ್ಲ ಎಂಬ ಸಮಾಧಾನವಿತ್ತು. ಫ್ಯಾನ್ ಹಾಕಲಿಲ್ಲ, ಪುಡಿಯಾದ ಕಾಗದ ಹಾರೀತು ಎಂದು.

ತಂದೆಯ ಹೆಸರು ಸಿಕ್ಕಿತು. ಮಂಡಳಿಯ ಕಡತ ನಿಜವಾಗಿಯೂ ಗಂಟಿನಲ್ಲಿ ಇರಲಿಲ್ಲ. ಆದರೆ ವಹಿಯ ಕೊನೆಯ ಅಂಕಣದಲ್ಲಿ ಪ್ರಕರಣದ ನಂಬ್ರ, ಆದೇಶದ ತಾರೀಕು, ನಮೂನೆ 10 ಕೊಟ್ಟ ತಾರೀಕು ಎಲ್ಲ ಇದ್ದವು. ಪ್ರಮಾಣಪತ್ರದ ಒಂದು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೂ ಹೋಗಿರುತ್ತದೆ ಎಂದು ರೆಕಾರ್ಡ್ ಕೀಪರ್ ಅವರೇ ನೆನಪಿಸಿದರು. ನಂಬ್ರ ಮತ್ತು ತಾರೀಕು ಹಿಡಿದುಕೊಂಡು ಅಲ್ಲಿಗೆ ಹೋದರೆ ಕಾಗದ ಸಿಕ್ಕಿಯೇ ಬಿಟ್ಟಿತು. ಗಡಿಯ ತಕರಾರು ಒಂದು ಸಂಜೆ ಜಗಲಿಯಲ್ಲಿ ಮುಗಿಯಿತು. ಪಕ್ಕದವರು ಅದನ್ನು ಓದಿ, "ಇದು ಇದ್ದರೆ ಆಯ್ತಲ್ಲ, ಮೊದಲೇ ತೋರಿಸಬಹುದಿತ್ತಲ್ಲ" ಎಂದರು.

ನಿವೃತ್ತಿಯ ಹೊತ್ತಿಗೆ ನಮ್ಮ ಓಣಿಯಲ್ಲಿ ನಾನು ಆರ್‌ಟಿಐ ಮಾಸ್ಟ್ರು ಆಗಿದ್ದೆ. ಪಿಂಚಣಿ ನಿಂತವರು, ಮಗಳ ಅಂಕಪಟ್ಟಿ ತಪ್ಪಾದವರು, ಡೋರ್ ನಂಬ್ರ ಸಿಗದವರು ಬರುತ್ತಿದ್ದರು. ಕರ್ನಾಟಕದಲ್ಲಿ 2008ರಿಂದ ಒಂದು ನಿಯಮ ಉಂಟು: ಅರ್ಜಿ ಒಂದೇ ವಿಷಯದ ಬಗ್ಗೆ ಇರಬೇಕು, 150 ಪದ ಮೀರಬಾರದು. ಜನರನ್ನು ತಡೆಯಲಿಕ್ಕೆ ಮಾಡಿದ ನಿಯಮ ಎಂದು ಬೈಯುವವರ ಜೊತೆ ನಾನೂ ಬೈದಿದ್ದೇನೆ. ಆದರೆ ಅರ್ಜಿಯಿಂದ ಅಳುವನ್ನು ತೆಗೆಸುವ ಕೆಲಸವನ್ನು ಅದು ನನಗೆ ಸುಲಭ ಮಾಡಿಕೊಟ್ಟಿತು ಎಂಬುದನ್ನೂ ಹೇಳಬೇಕು. ಬಂದವರು ಮೊದಲು ಅರ್ಧ ಗಂಟೆ ತಮ್ಮ ಕಷ್ಟ ಹೇಳುತ್ತಿದ್ದರು, ಕೇಳಿಸಿಕೊಳ್ಳುತ್ತಿದ್ದೆ. ಆಮೇಲೆ ಕೇಳುತ್ತಿದ್ದೆ, "ನಿಮ್ಮ ಕೆಲಸ ನಿಂತದ್ದು ಯಾವ ಕಾಗದದಲ್ಲಿ?" ಆ ಕಾಗದದ ಹೆಸರು ಸಿಕ್ಕಿದರೆ ಅರ್ಜಿ ಐದು ಸಾಲಿಗೆ ಮುಗಿಯುತ್ತದೆ.

ನಮ್ಮ ಓಣಿಯ ತೋಡಿನದ್ದೇ ಒಂದು ಕತೆ. ಮಳೆನೀರಿನ ಆ ತೋಡಿಗೆ ತಡೆಗೋಡೆ ಕಟ್ಟಿ ಮೇಲೆ ಕಾಂಕ್ರೀಟಿನ ಚಪ್ಪಡಿ ಹಾಕುವ ಕಾಮಗಾರಿ ಆಗಿತ್ತು. ಅರ್ಧ ಓಣಿಗೆ ಚಪ್ಪಡಿ ಇತ್ತು, ಇನ್ನರ್ಧ ಬಾಯಿ ತೆರೆದೇ ಇತ್ತು. ಜೋರು ಮಳೆಗೆ ರಸ್ತೆ ಯಾವುದು ತೋಡು ಯಾವುದು ತಿಳಿಯದು. ಕೇಳಿದಾಗಲೆಲ್ಲ ಅನುದಾನ ಬಂದಿಲ್ಲ ಎಂಬ ಉತ್ತರ. ನಾವು ಎಂಬಿ ಪುಸ್ತಕದ, ಅಂದರೆ ಎಂಜಿನಿಯರರು ಅಳತೆ ಬರೆಯುವ ಪುಸ್ತಕದ, ಆ ಪುಟಗಳ ನಕಲು ಕೇಳಿದೆವು. ಪುಟಕ್ಕೆ ಎರಡು ರೂಪಾಯಿ. ಅದರಲ್ಲಿ ಇಡೀ ಓಣಿಗೆ ಚಪ್ಪಡಿ ಬಿದ್ದಿತ್ತು, ಬಿಲ್ಲೂ ಪಾವತಿಯಾಗಿತ್ತು. ಪಕ್ಕದ ಮನೆಯ ನಿವೃತ್ತ ಟೀಚರ್ ಹೊಲಿಗೆಯ ಟೇಪು ಹಿಡಿದುಕೊಂಡು ಓಣಿ ಅಳೆಯಲು ಹೊರಟರು. ಅವರ ಹಿಂದೆ ಮಕ್ಕಳ ದಂಡು. ಅಳತೆಯನ್ನೂ ಪುಟದ ನಕಲನ್ನೂ ಜೊತೆಗಿಟ್ಟು ಮೇಲಧಿಕಾರಿಗೆ ಕೊಟ್ಟೆವು. ತನಿಖೆ ಆಯಿತೋ ಇಲ್ಲವೋ ದೇವರೇ ಬಲ್ಲ, ಅದರ ಹಿಂಬರಹ ನಮಗೆ ಬರಲಿಲ್ಲ. ಚಪ್ಪಡಿ ಮಾತ್ರ ಮಳೆಗಾಲಕ್ಕೆ ಮೊದಲೇ ಬಂತು. ಹಾಕಲು ಬಂದ ಮೇಸ್ತ್ರಿ ನನ್ನನ್ನು ನೋಡಿ, "ಎಂತ ಮಾರ್ರೆ, ನೀವೇನಾ ಆರ್‌ಟಿಐ ಹಾಕಿದ್ದು?" ಎಂದು ಕೇಳಿದ. ಆ ಪ್ರಶ್ನೆ ನನಗೆ ಆಗ ಹೊಗಳಿಕೆಯಂತೆಯೇ ಕೇಳಿಸಿತು.

2016ರ ಮಾರ್ಚ್ 21ರ ನಂತರ ಆ ಪ್ರಶ್ನೆ ನನಗೆ ಹೊಗಳಿಕೆಯಂತೆ ಕೇಳಿಸಿಲ್ಲ. ಆ ದಿನ ಬೆಳಗಿನ ಜಾವ ಕೊಡಿಯಾಲಬೈಲಿನಲ್ಲಿ ಮನೆಯ ಹತ್ತಿರವೇ ವಿನಾಯಕ ಬಾಳಿಗಾ ಅವರನ್ನು ಕಡಿದು ಕೊಂದರು. ಅವರಿಗೆ 51 ವರ್ಷ. ಅಕ್ರಮ ಕಟ್ಟಡಗಳ ಬಗ್ಗೆ, ದೇವಸ್ಥಾನವೊಂದರ ವ್ಯವಹಾರದ ಬಗ್ಗೆ ಅವರು ಕಾಗದ ಕೇಳುತ್ತಿದ್ದರು. ಅವರನ್ನು ನಾನು ಹತ್ತಿರದಿಂದ ಬಲ್ಲವನಲ್ಲ. ಆದರೆ ಈ ಊರಿನಲ್ಲಿ ಅರ್ಜಿ ಬರೆಯುವ ನಮ್ಮಂಥವರಿಗೆಲ್ಲ ಅವರ ಹೆಸರು ಗೊತ್ತಿತ್ತು. ವಿಚಾರವಾದಿ ನರೇಂದ್ರ ನಾಯಕ್ ಮೊದಲಾದವರು ನ್ಯಾಯ ಕೇಳಿ ಬೀದಿಗಿಳಿದರು. ನನ್ನ ಹೆಂಡತಿ, "ಇನ್ನು ನಿಮ್ಮ ಹೆಸರಿನಲ್ಲಿ ಬೇಡ, ಸಾಕು ಮಾಡಿ" ಎಂದಳು. ಓಣಿಯ ಟೀಚರೂ ಕೆಲವು ಕಾಲ ಬರಲಿಲ್ಲ. 2010ರಲ್ಲಿ ಪುಣೆಯ ಹತ್ತಿರದ ತಳೇಗಾಂವ್‌ನಲ್ಲಿ ಭೂಹಗರಣ ಬಯಲು ಮಾಡಿದ ಸತೀಶ್ ಶೆಟ್ಟಿ, 2012ರಲ್ಲಿ ಬೆಂಗಳೂರಿನ ಲಿಂಗರಾಜು, ಇವರ ಕೊಲೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸಿದ್ದೆವು. ಕೊಡಿಯಾಲಬೈಲು ನಾವು ದಿನಾ ಹಾದುಹೋಗುವ ದಾರಿ.

ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ, ಸಂಪರ್ಕಕ್ಕೆ ಬೇಕಾದ ವಿವರ ಬಿಟ್ಟು ಬೇರೇನೂ ಕೊಡಬೇಕಾಗಿಲ್ಲ ಎಂದು 6(2) ಹೇಳುತ್ತದೆ. ಆದರೆ ಆ ಸಂಪರ್ಕದ ವಿವರ ಎಂದರೇ ಹೆಸರು ಮತ್ತು ಮನೆಯ ವಿಳಾಸ. ಪೋಸ್ಟ್ ಬಾಕ್ಸ್ ನಂಬ್ರ ಕೊಟ್ಟರೂ ಸಾಕು ಎಂದು ಕಲ್ಕತ್ತಾ ಹೈಕೋರ್ಟು 2013ರಲ್ಲಿ ಹೇಳಿದ್ದನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಅಷ್ಟಕ್ಕಾಗಿ ಪೋಸ್ಟ್ ಬಾಕ್ಸ್ ಯಾರು ಮಾಡಿಸುತ್ತಾರೆ? ಅಕ್ರಮ ಬಯಲು ಮಾಡುವವರ ರಕ್ಷಣೆಗೆ 2014ರಲ್ಲಿ ಒಂದು ಕಾಯ್ದೆ ಆಯಿತು. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಗೆ ತರಲಿಲ್ಲ.

ಆರ್‌ಟಿಐ ಹೆಸರಿನಲ್ಲಿ ಹಣ ಕೀಳುವವರ ಬಗ್ಗೆ ನೀವೇಕೆ ಮಾತಾಡುವುದಿಲ್ಲ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಅಂಥವರಿದ್ದಾರೆ, ಕಂಡಿದ್ದೇನೆ. ಅಡಗಿಸಲು ಏನೂ ಇಲ್ಲದ ಕಚೇರಿಯಿಂದ ಅವರು ಎಂತ ಕೀಳುತ್ತಾರೆ ಎಂಬುದಷ್ಟೇ ನನ್ನ ಮರುಪ್ರಶ್ನೆ. ಗೋಡೆಯ ಮೇಲೆ ಅಂಟಿಸಿದ ಕಾಗದವನ್ನು ತೋರಿಸಿ ಯಾರನ್ನೂ ಹೆದರಿಸಲು ಆಗುವುದಿಲ್ಲ.

ಕಾಯ್ದೆಯ ನಾಲ್ಕನೇ ಕಲಮನ್ನು ಜನ ಓದುವುದೇ ಇಲ್ಲ, ಕಚೇರಿಗಳಂತೂ ಓದಿದರೂ ಓದದಂತೆ ಇವೆ. ಕೆಲಸದ ರೀತಿ, ಬಜೆಟ್ಟು, ಫಲಾನುಭವಿಗಳು, ಕೊಟ್ಟ ಪರವಾನಗಿಗಳು ಎಂದು ಹದಿನೇಳು ಬಾಬತ್ತುಗಳನ್ನು ಯಾರೂ ಕೇಳುವ ಮೊದಲೇ, ಕಾಯ್ದೆ ಆದ 120 ದಿನಗಳೊಳಗೆ ಪ್ರಕಟಿಸಬೇಕು, ಆಮೇಲೆ ಪ್ರತಿ ವರ್ಷ ಹೊಸತು ಮಾಡಬೇಕು ಎಂದು ಅದರಲ್ಲಿದೆ. ಜನರು ಈ ಕಾಯ್ದೆಯಡಿ ಅರ್ಜಿ ಹಾಕುವ ಪ್ರಸಂಗವೇ ಆದಷ್ಟು ಕಡಿಮೆಯಾಗಬೇಕು ಎಂದು 4(2) ಬಾಯಿಬಿಟ್ಟು ಹೇಳುತ್ತದೆ. ಪರವಾನಗಿಯ ನಕ್ಷೆ ಜಾಲತಾಣದಲ್ಲಿದ್ದಿದ್ದರೆ, ಲೆಕ್ಕಪತ್ರ ಫಲಕದಲ್ಲಿದ್ದಿದ್ದರೆ, ಅದನ್ನು ಕೇಳಿದವರು ಯಾರು ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಕೊಲ್ಲಲು ಹೊರಟವರಿಗೆ ಒಂದು ಹೆಸರು, ಒಂದು ವಿಳಾಸ ಸಿಗುತ್ತಿರಲಿಲ್ಲ. ಕಚೇರಿ ತಾನಾಗಿ ಮಾಡಬೇಕಿದ್ದ ಕೆಲಸವನ್ನು ಒಬ್ಬೊಬ್ಬ ಹಟಮಾರಿಯ ಹೆಗಲಿಗೆ ಹೊರಿಸಿ, ಅವನಿಗೆ ಹೋರಾಟಗಾರ ಎಂಬ ಬಿರುದು ಕೊಟ್ಟು ನಾವು ಕೈತೊಳೆದುಕೊಂಡೆವು.

ಹಟಮಾರಿಗೂ ದಾರಿ ಉದ್ದ. ಮೊದಲ ಮೇಲ್ಮನವಿ ಅದೇ ಇಲಾಖೆಯ ಹಿರಿಯ ಅಧಿಕಾರಿಯ ಮುಂದೆ. ಎರಡನೆಯದು ಬೆಂಗಳೂರಿನ ಮಾಹಿತಿ ಆಯೋಗಕ್ಕೆ. ಬೆಳಗಾವಿ, ಕಲಬುರಗಿಗೆ ಪೀಠಗಳಿವೆ, ಕರಾವಳಿಗಿಲ್ಲ. ಹತ್ತಾರು ಸಾವಿರ ಪ್ರಕರಣಗಳು ಸಾಲಿನಲ್ಲಿವೆ, ಗಡುವು ಮೀರಿದರೆ ದಂಡವಿರುವ ಕಾಯ್ದೆಯಲ್ಲಿ ಆಯೋಗಕ್ಕೆ ಮಾತ್ರ ಗಡುವಿಲ್ಲ. 2019ರ ತಿದ್ದುಪಡಿಯಿಂದ ಮಾಹಿತಿ ಆಯುಕ್ತರ ಅವಧಿ, ಸಂಬಳವನ್ನು ಕೇಂದ್ರ ಸರ್ಕಾರ ಗೊತ್ತುಮಾಡುತ್ತದೆ. ಈಗ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನನ್ನ ಹಳೆಯ ಪರಿಚಯದ 8(1)(ಜೆ)ಯನ್ನು ತಿದ್ದಿತು, 2025ರ ನವೆಂಬರಿನಲ್ಲಿ ಅದು ಜಾರಿಗೂ ಬಂತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ಮಾಹಿತಿ ಎಂದು ಮೊದಲು ಇದ್ದ ಅಂಕೆಗಳೆಲ್ಲ ಹೋದವು. ಸಂಸತ್ತಿಗೆ, ವಿಧಾನಮಂಡಲಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಬಾರದು ಎಂಬ ಮಾತೂ ಹೋಯಿತು. ವೈಯಕ್ತಿಕ ಮಾಹಿತಿ ಎಂದರೆ ಮುಗಿಯಿತು. ಹಾಗೆ ನೋಡಿದರೆ ರಾಜಸ್ಥಾನದ ಹಾಜರಿ ಪಟ್ಟಿಯ ಹೆಸರುಗಳೂ ವೈಯಕ್ತಿಕ ಮಾಹಿತಿ. ನಮ್ಮ ತೋಡಿನ ಬಿಲ್ಲು ಪಡೆದವರ ಹೆಸರೂ ವೈಯಕ್ತಿಕ ಮಾಹಿತಿ. ಉತ್ತರದ ಕರಡು ಬರೆದು ಪಳಗಿದ ಕೈಯಿಂದ ಹೇಳುತ್ತೇನೆ, ಇಷ್ಟು ಅಗಲದ ಕಲಮು ನನ್ನ ಮೇಜಿನ ಮೇಲೆ ಇದ್ದಿದ್ದರೆ ಬೇರೆ ಯಾವುದನ್ನೂ ಉಲ್ಲೇಖಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದು ಮಾತ್ರ ಉಳಿದಿದೆ. ವಿನಾಯಿತಿ ಏನೇ ಇರಲಿ, ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆಂದಾದರೆ ಮಾಹಿತಿ ಕೊಡಬಹುದು ಎನ್ನುವ 8(2) ಕಲಮನ್ನು ಯಾರೂ ಮುಟ್ಟಿಲ್ಲ. ಆದ್ದರಿಂದ ಇನ್ನು ಅರ್ಜಿ ಬರೆಯುವವರು ಕಾರಣ ಹೇಳಬೇಕಾಗಿಲ್ಲ ಎಂದು ಸುಮ್ಮನಿರಬೇಡಿ. 8(2)ರ ನಂಬ್ರ ಹಾಕಿ, ಈ ಕಾಗದದಿಂದ ಊರಿಗೆ ಏನು ಹಿತ ಎಂದು 150 ಪದದೊಳಗೇ ಎರಡು ಸಾಲು ಬರೆಯಿರಿ. ಮೊದಲ ಅರ್ಜಿಯಲ್ಲಿ ನಿಮ್ಮ ವಾರ್ಡಿನ 4(1)(ಬಿ) ಮಾಹಿತಿ, ಅಂದರೆ ಆ ಹದಿನೇಳು ಬಾಬತ್ತು, ಎಲ್ಲಿ ಪ್ರಕಟವಾಗಿದೆ ಎಂದು ಕೇಳಿ. ಒಬ್ಬರೇ ಹಾಕಬೇಡಿ. ಒಂದೇ ಕಾಗದಕ್ಕೆ ಓಣಿಯ ಹತ್ತು ಮನೆಯವರು ಹತ್ತು ಅರ್ಜಿ ಹಾಕಿ, ಹತ್ತು ವಿಳಾಸದಿಂದ. ಶುಲ್ಕ ಈಗಲೂ ತಲಾ ಹತ್ತು ರೂಪಾಯಿ.